ಯಾವಾಗ ಹೀಟ್ ಆಗುತ್ತದೆ, ಅದನ್ನು ಮೊದಲು ಹೇಳಿ

ಬಿಸಿಲು ಏರುತ್ತಿದ್ದಂತೆ ಎಂಜಿನ್ ಹೀಟ್ ಆಗುವ ದೂರಿನ ಪತ್ರಗಳು ಬರತೊಡಗಿವೆ. ‘ಗಾಡಿ ಹೀಟ್ ಆಗುತ್ತೆ, ಏನು ಬದಲಿಸಲಿ?’ ಎಂದಷ್ಟೇ ಬರೆದರೆ ಉತ್ತರ ಹೇಳುವುದು ಕಷ್ಟ. ಸಿಗ್ನಲ್‌ನಲ್ಲಿ ನಿಂತಾಗಲೋ, ಹೈವೇಯಲ್ಲಿ ಓಡುವಾಗಲೋ, ಘಾಟಿ ಹತ್ತುವಾಗಲೋ, ಎ.ಸಿ. ಹಾಕಿದಾಗ ಮಾತ್ರವೋ? ಇಷ್ಟು ತಿಳಿದರೆ ಹುಡುಕಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಆ ವಿವರ ಕೊಟ್ಟವರ ಪ್ರಶ್ನೆಗಳನ್ನು ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಹತ್ತು ನಿಮಿಷ ಸಿಕ್ಕಿಕೊಂಡರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಗಾಡಿ ಓಡತೊಡಗಿದರೆ ತಾನೇ ಇಳಿಯುತ್ತದೆ. ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ರೇಡಿಯೇಟರಿಗೆ ನೀರಿನ ದಾರಿ ತೆರೆಯುವ ವಾಲ್ವ್) ಬದಲಿಸಿದ್ದಾಯಿತು, ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಬದಲಿಸಿದ್ದಾಯಿತು. ಈಗ ರೇಡಿಯೇಟರ್ ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಲೇ?
ಓದುಗರು, ಬೆಂಗಳೂರು

ಉತ್ತರ: ಈಗಲೇ ಬೇಡ. ನಿಂತಾಗ ಏರಿ, ಓಡಿದಾಗ ಇಳಿಯುತ್ತದೆ ಎಂದರೆ ನೀರಿನ ಓಡಾಟ ಸರಿಯಾಗಿದೆ, ಗಾಳಿಯ ಓಡಾಟ ಸರಿಯಿಲ್ಲ ಎಂದರ್ಥ. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನ್‌ನದು. ಹಾಗಾಗಿ ಮೊದಲು ನೋಡಬೇಕಾದದ್ದು ಫ್ಯಾನ್.

ಎಂಜಿನ್ ಸ್ಟಾರ್ಟ್ ಮಾಡಿ ಎ.ಸಿ. ಹಾಕಿ. ಒಂದೆರಡು ನಿಮಿಷದೊಳಗೆ ಫ್ಯಾನ್ ತಿರುಗಬೇಕು. ತಿರುಗಿದರೆ ಮೋಟರ್ ಮಟ್ಟಿಗೆ ಸಮಾಧಾನ. ಆಮೇಲೆ ಎ.ಸಿ. ಆರಿಸಿ, ಎಂಜಿನ್ ಐಡ್ಲಿಂಗ್‌ನಲ್ಲೇ ಇರಲಿ. ಕೂಲೆಂಟ್ ಸುಮಾರು 95ರಿಂದ 98 ಡಿಗ್ರಿಗೆ ಬಂದಾಗ ಫ್ಯಾನ್ ಹತ್ತಿಕೊಳ್ಳಬೇಕು, ನಾಲ್ಕೈದು ಡಿಗ್ರಿ ಇಳಿದಾಗ ನಿಲ್ಲಬೇಕು. ನಿಖರವಾದ ಅಂಕಿ ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಿ ಈ ಪರೀಕ್ಷೆ ಮಾಡಬೇಡಿ. ಬಹಳಷ್ಟು ಗಾಡಿಗಳಲ್ಲಿ ಸುಮಾರು 75ರಿಂದ 105 ಡಿಗ್ರಿವರೆಗೂ ಮುಳ್ಳು ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಸ್ಟಿಯರಿಂಗ್ ಕೆಳಗೆ ಗಾಡಿಯ ಕಂಪ್ಯೂಟರಿನ ಮಾಹಿತಿ ಓದಲು ಇಟ್ಟಿರುವ ಓಬಿಡಿ ಸಾಕೆಟ್‌ಗೆ ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದರೆ ಕೂಲೆಂಟ್ ಡಿಗ್ರಿ ಮೊಬೈಲ್‌ನಲ್ಲಿ ನೇರವಾಗಿ ಕಾಣುತ್ತದೆ. ಗಾಡಿ ಹೀಟ್ ಆಗುವವರು ಮೊದಲು ಕೊಳ್ಳಬೇಕಾದ ಸಾಮಾನು ಅದೇ.

ಎ.ಸಿ. ಹಾಕಿದರೂ ಫ್ಯಾನ್ ತಿರುಗದಿದ್ದರೆ ಫ್ಯೂಸ್, ರಿಲೇ (ಫ್ಯಾನ್‌ಗೆ ಕರೆಂಟ್ ಬಿಡುವ ಸ್ವಿಚ್), ಕಪ್ಲರ್ (ವೈರ್ ಜೋಡಿಸುವ ಪ್ಲಗ್), ಮೋಟರ್ ಎಂಬ ಕ್ರಮದಲ್ಲಿ ಹೋಗಿ. ಕಪ್ಲರ್ ಬಿಚ್ಚಿ ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಪಿನ್ನಿನ ಸುತ್ತ ಕರಗಿ ಗುಳಿಬಿದ್ದಿದ್ದರೆ, ರೋಗ ಅಲ್ಲೇ ಇದೆ. ಫ್ಯಾನ್ 10ರಿಂದ 20 ಆಂಪಿಯರ್ ಎಳೆಯುತ್ತದೆ, ಸಡಿಲವಾದ ಪಿನ್ ಅಷ್ಟು ಕರೆಂಟ್ ತಾಳುವುದಿಲ್ಲ. ಕಪ್ಲರ್ ಚೆನ್ನಾಗಿದ್ದರೆ ಮೋಟರ್‌ಗೆ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಡಿ. ತಟ್ಟಿದರೆ ಮಾತ್ರ ತಿರುಗುತ್ತದೆ ಎಂದರೆ ಬ್ರಷ್ ಸವೆದಿದೆ. ಎ.ಸಿ.ಗೆ ತಿರುಗಿ, ಬಿಸಿಗೆ ತಿರುಗದಿದ್ದರೆ ಕೂಲೆಂಟ್ ಟೆಂಪರೇಚರ್ ಸೆನ್ಸರ್, ಇಲ್ಲವೇ ಅದರ ವೈರ್ ನೋಡಬೇಕು. ಸಾಮಾನ್ಯ ಎರಡು ತಂತಿಯ ಸೆನ್ಸರ್ 20 ಡಿಗ್ರಿಯಲ್ಲಿ 2ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸಬೇಕು. ಬಿಸಿನೀರಿನ ಪಾತ್ರೆ, ಒಂದು ಮಲ್ಟಿಮೀಟರ್ ಇದ್ದರೆ ಮನೆಯಲ್ಲೇ ನೋಡಬಹುದು.

ಇನ್ನೊಂದು ಸಂಗತಿಯನ್ನು ಎಷ್ಟೋ ಜನ ಗಮನಿಸುವುದಿಲ್ಲ. ಫ್ಯಾನ್ ತಿರುಗುತ್ತಿದ್ದರೂ ಉಲ್ಟಾ ತಿರುಗುತ್ತಿರಬಹುದು. ಮೋಟರ್ ಬದಲಿಸುವಾಗ ಎರಡು ವೈರ್ ಅದಲುಬದಲಾದರೆ ಹೀಗಾಗುತ್ತದೆ. ಗ್ರಿಲ್ ಮುಂದೆ ಒಂದು ಕಾಗದ ಹಿಡಿಯಿರಿ. ಅದು ಒಳಗೆ ಸೆಳೆದು ಅಂಟಿಕೊಳ್ಳಬೇಕು, ಹೊರಗೆ ಹಾರಬಾರದು. ಬಾನೆಟ್ ಎತ್ತಿ ಕೆಲಸ ಮಾಡುವಾಗ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಎಂಜಿನ್ ಆರಿದ ಮೇಲೂ ಫ್ಯಾನ್ ತಾನಾಗಿ ತಿರುಗುವ ಗಾಡಿಗಳಿವೆ, ಬೆರಳು ಹೋದೀತು.

ಇದೆಲ್ಲ ಸರಿಯಿದ್ದೂ ಮುಳ್ಳು ಏರಿದರೆ ಮಾತ್ರ ರೇಡಿಯೇಟರ್ ಕಡೆ ಹೋಗಿ.

ಪ್ರಶ್ನೆ: ಊರೊಳಗೆ ಏನೂ ತೊಂದರೆ ಇಲ್ಲ. ಹೈವೇಯಲ್ಲಿ 90-100ರ ವೇಗದಲ್ಲಿ ಅರ್ಧ ಗಂಟೆ ಓಡಿದರೆ ಹೀಟ್ ಆಗುತ್ತದೆ. ಹೊಲದ ಬೋರ್‌ವೆಲ್ ನೀರನ್ನೇ ಮೊದಲಿನಿಂದಲೂ ರೇಡಿಯೇಟರ್‌ಗೆ ಹಾಕುತ್ತಾ ಬಂದಿದ್ದೇವೆ. ಗಾಡಿ ಎಂಟು ವರ್ಷ ಹಳೆಯದು.
ಓದುಗರು, ರಾಯಚೂರು

ಉತ್ತರ: ನಿಮ್ಮದು ಬೆಂಗಳೂರಿನವರ ಕೇಸಿಗೆ ತದ್ವಿರುದ್ಧ. ಎದುರುಗಾಳಿ ಬೇಕಾದಷ್ಟಿದೆ, ಆದರೂ ತಣಿಯುತ್ತಿಲ್ಲ. ಅಂದರೆ ನೀರು ಬೇಕಾದಷ್ಟು ಹರಿಯುತ್ತಿಲ್ಲ, ಅಥವಾ ರೇಡಿಯೇಟರಿನ ಅರ್ಧ ಭಾಗ ಕೆಲಸವನ್ನೇ ಮಾಡುತ್ತಿಲ್ಲ. ಕಾರಣವನ್ನು ನೀವೇ ಬರೆದಿದ್ದೀರಿ. ಬೋರ್‌ವೆಲ್‌ನ ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಕಿಟ್ಟ ನಿಮಗೆ ಗೊತ್ತಿದೆ. ಅದೇ ಕಿಟ್ಟ ರೇಡಿಯೇಟರಿನ ಸಪೂರ ಕೊಳವೆಗಳಲ್ಲೂ, ಎಂಜಿನ್ ಬ್ಲಾಕಿನ ನೀರಿನ ದಾರಿಗಳಲ್ಲೂ ಕಟ್ಟುತ್ತದೆ. ತೆಳುವಾದ ಒಂದು ಪದರವೂ ಲೋಹದಿಂದ ನೀರಿಗೆ ಶಾಖ ಹೋಗುವುದನ್ನು ತಡೆಯುತ್ತದೆ. ಜೊತೆಗೆ ಬರೀ ನೀರಿನಲ್ಲಿ ತುಕ್ಕು ತಡೆಯುವ ಅಂಶ ಇಲ್ಲದಿರುವುದರಿಂದ ಅಲ್ಯುಮಿನಿಯಂ ಒಳಗಿಂದಲೇ ತಿಂದುಹೋಗುತ್ತದೆ.

ನೋಡುವ ಬಗೆ ಹೀಗೆ. ಎಂಜಿನ್ ಪೂರ್ತಿ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದ ಮೇಲೆ, ದೂರದಿಂದಲೇ ಬಿಸಿ ಅಳೆಯುವ ಗನ್ ಥರ್ಮಾಮೀಟರಿನಿಂದ ರೇಡಿಯೇಟರಿನ ಮೈಯನ್ನು ಸಾಲಾಗಿ ಅಳೆಯಿರಿ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಡಿಗ್ರಿ ನಿಧಾನವಾಗಿ ಇಳಿಯುತ್ತಾ ಹೋಗಬೇಕು. ನಡುವೆ ಎಲ್ಲಾದರೂ ಒಂದು ಜಾಗ ಫಕ್ಕನೆ ತಣ್ಣಗಿದ್ದರೆ ಅಲ್ಲಿನ ಕೊಳವೆಗಳು ಮುಚ್ಚಿವೆ. ಆಮೇಲೆ ಯಾರಾದರೂ ಎಂಜಿನ್ 3000 ಆರ್‌ಪಿಎಂಗೆ ಏರಿಸಲಿ, ನೀವು ಕೆಳಗಿನ ಹೋಸ್ ನೋಡಿ. ಪಂಪ್ ನೀರನ್ನು ಎಳೆದುಕೊಳ್ಳುವ ಹೋಸ್ ಅದು. ಮೆದುವಾಗಿದ್ದರೆ ಚಪ್ಪಟೆಯಾಗಿ ದಾರಿ ಮುಚ್ಚುತ್ತದೆ. ಐಡ್ಲಿಂಗ್‌ಗೆ ಇಳಿಸಿದ ತಕ್ಷಣ ಮತ್ತೆ ಉಬ್ಬುವುದರಿಂದ ನಿಲ್ಲಿಸಿ ನೋಡಿದರೆ ಎಲ್ಲ ಚೆನ್ನಾಗಿದ್ದಂತೆಯೇ ಕಾಣುತ್ತದೆ.

ನಿಮ್ಮ ಭಾಗದಲ್ಲಿ ಹೊರಗಿನ ಕಸವೂ ಕಡಿಮೆಯಿಲ್ಲ. ಹತ್ತಿಯ ಎಳೆ, ಭತ್ತದ ಹೊಟ್ಟು, ರಸ್ತೆ ಮೇಲೆ ಹುಲ್ಲು ಹರವಿ ಒಕ್ಕಣೆ ಮಾಡುವ ಕಡೆಗಳ ದೂಳು, ಇವೆಲ್ಲ ಗ್ರಿಲ್‌ನಿಂದ ಒಳನುಗ್ಗಿ ಎ.ಸಿ. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಬೆರಳಗಲದ ಸಂದಿಯಲ್ಲಿ ಕಂಬಳಿಯಂತೆ ಕೂರುತ್ತವೆ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಚೊಕ್ಕಟವಾಗಿ ಕಾಣುತ್ತದೆ, ಅದರ ಹಿಂದಿನದು ಕಾಣುವುದಿಲ್ಲ. ಮೇಲಿನ ಕ್ಲಾಂಪ್ ಬಿಚ್ಚಿ ರೇಡಿಯೇಟರನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಟಾರ್ಚ್ ಹಾಕಿ ನೋಡಿ. ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಮುಖವಾಗಿ, ತೋಟದ ಪೈಪಿನ ಸಾಧಾರಣ ಒತ್ತಡದಲ್ಲಿ ನೀರು ಬಿಡಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ಅಲ್ಯುಮಿನಿಯಂ ಎಲೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ.

ಒಳಗಿನ ಕಿಟ್ಟ ಸಾಧಾರಣವಾಗಿದ್ದರೆ ರೇಡಿಯೇಟರ್ ಫ್ಲಶ್ ದ್ರಾವಣ ಹಾಕಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಎಂಜಿನ್ ಓಡಿಸಿ, ಹೊರಬರುವ ನೀರು ತಿಳಿಯಾಗುವವರೆಗೂ ತೊಳೆಯಬೇಕು. ಕಕ್ಕಸು ತೊಳೆಯುವ ಆಸಿಡ್, ಕಾಸ್ಟಿಕ್ ಸೋಡಾ ಎರಡನ್ನೂ ಹತ್ತಿರ ಸೇರಿಸಬೇಡಿ. ಅಲ್ಯುಮಿನಿಯಂ ತೂತಾಗುತ್ತದೆ. ಎಂಟು ವರ್ಷ ಬೋರ್‌ವೆಲ್ ನೀರು ಕುಡಿದ ರೇಡಿಯೇಟರ್ ಫ್ಲಶ್‌ಗೆ ಜಗ್ಗದಿದ್ದರೆ ಬದಲಿಸುವುದೇ ಸರಿ. ಹಳೆಯ ಹಿತ್ತಾಳೆ ರೇಡಿಯೇಟರಾದರೆ ತೊಟ್ಟಿ ಬಿಚ್ಚಿ, ಸಲಾಕೆ ಆಡಿಸಿ, ಬೆಸುಗೆ ಹಾಕಬಹುದಿತ್ತು. ಪ್ಲಾಸ್ಟಿಕ್ ತೊಟ್ಟಿ ಒತ್ತಿ ಕೂರಿಸಿದ ಈಗಿನವಕ್ಕೆ ಆ ಕೆಲಸ ನಿಲ್ಲುವುದಿಲ್ಲ.

ಇನ್ನು ಮೇಲೆ ಕೂಲೆಂಟಿಗೆ ಸೇರಿಸಲು ಬ್ಯಾಟರಿಗೆ ಹಾಕುವ ಡಿ.ಎಂ. (ಲವಣ ತೆಗೆದ) ನೀರು ಬಳಸಿ. ತುಂಬಿಸುವ ಲೆಕ್ಕದಲ್ಲೂ ಬಹಳ ಮಂದಿ ತಪ್ಪುತ್ತಾರೆ. ಒಟ್ಟು 4 ಲೀಟರ್ ಹಿಡಿಯುವ ಗಾಡಿ ಎಂದುಕೊಳ್ಳಿ. ತೊಳೆದು ರೇಡಿಯೇಟರ್ ಖಾಲಿ ಮಾಡಿದಾಗ 2.5 ಲೀಟರ್ ಮಾತ್ರ ಹೊರಬಂದಿದ್ದರೆ, ಬ್ಲಾಕಿನಲ್ಲಿ, ಹೀಟರ್‌ನಲ್ಲಿ ಇನ್ನೂ 1.5 ಲೀಟರ್ ಬರೀ ನೀರು ಉಳಿದಿದೆ. ಈಗ ಅರ್ಧಕ್ಕರ್ಧ ಬೆರೆಸಿ ಮಾರುವ ರೆಡಿಮಿಕ್ಸ್ 2.5 ಲೀಟರ್ ಸುರಿದರೆ ಕೊನೆಗೆ ಸಿಗುವುದು ಸುಮಾರು ಶೇ 31ರ ಮಿಶ್ರಣ. ಅದರ ಬದಲು ಗಟ್ಟಿ ಕಾನ್ಸಂಟ್ರೇಟ್ 2 ಲೀಟರ್ ಮೊದಲು ಸುರಿದು, ಉಳಿದ ಅರ್ಧ ಲೀಟರ್‌ಗೆ ಡಿ.ಎಂ. ನೀರು ಸೇರಿಸಿ. ಸರಿಯಾಗಿ ಅರ್ಧಕ್ಕರ್ಧ ಆಗುತ್ತದೆ.

ಪ್ರಶ್ನೆ: ನೀಲಿ ಕೂಲೆಂಟ್‌ಗೆ ಹಸಿರು ಸೇರಿಸಬಹುದೇ? ಕೆಂಪು ಒಳ್ಳೆಯದು ಎನ್ನುತ್ತಾರೆ, ನಿಜವೇ?
ಓದುಗರು, ದಾವಣಗೆರೆ

ಉತ್ತರ: ಬಣ್ಣಕ್ಕೆ ಅರ್ಥವಿಲ್ಲ. ಅದು ಕಂಪನಿಯವರು ಸೇರಿಸುವ ಡೈ, ಅಷ್ಟೆ. ಒಂದೇ ಬಣ್ಣದ ಎರಡು ಕೂಲೆಂಟ್‌ಗಳ ಒಳಗಿನ ರಾಸಾಯನಿಕ ಬೇರೆ ಇರಬಹುದು, ಬೇರೆ ಬಣ್ಣದವು ಒಂದೇ ಆಗಿರಬಹುದು. ಗಾಡಿಯ ಕೈಪಿಡಿಯಲ್ಲಿ ಬರೆದ ಬಗೆಯದ್ದನ್ನೇ ಹಾಕಿ. ಬೇರೆ ಬಗೆಯದು ಬೆರೆತರೆ ತುಕ್ಕು ತಡೆಯುವ ಶಕ್ತಿ ಬೇಗ ಕುಂದುತ್ತದೆ, ಕೆಲವು ಒಂದಕ್ಕೊಂದು ಕೂಡದೆ ಲೋಳೆಯಂತೆ ಗಟ್ಟಿಯಾಗುತ್ತವೆ. ದಾರಿಯಲ್ಲಿ ಕಡಿಮೆಯಾಗಿ ಏನೂ ಸಿಗದಿದ್ದರೆ ಬಾಟಲಿ ಕುಡಿಯುವ ನೀರು ಅರ್ಧ ಲೀಟರ್ ಸೇರಿಸಿ ಮನೆ ಸೇರಿ. ಆಮೇಲೆ ಮಿಶ್ರಣ ಸರಿಮಾಡಿಸಿ.

ಪ್ರಶ್ನೆ: ಮೆಕ್ಯಾನಿಕ್ ‘ನಮ್ಮ ಹವೆಗೆ ಥರ್ಮೋಸ್ಟಾಟ್ ಬೇಡ’ ಎಂದು ತೆಗೆದು ಬಿಸಾಡಿ, ಫ್ಯಾನ್ ಸದಾ ತಿರುಗುವಂತೆ ಡೈರೆಕ್ಟ್ ಮಾಡಿಕೊಟ್ಟರು. ಹೀಟ್ ಆಗುವುದು ನಿಂತಿದೆ. ಆದರೆ ಲೀಟರಿಗೆ 18 ಕಿ.ಮೀ. ಕೊಡುತ್ತಿದ್ದ ಗಾಡಿ ಈಗ 15 ಕೊಡುತ್ತಿದೆ. ಚೆಕ್ ಎಂಜಿನ್ ಲೈಟ್ ಬೇರೆ ಬಂದಿದೆ.
ಓದುಗರು, ತುಮಕೂರು

ಉತ್ತರ: ದಯವಿಟ್ಟು ಎರಡನ್ನೂ ಮೊದಲಿನಂತೆ ಮಾಡಿಸಿ. ಥರ್ಮೋಸ್ಟಾಟ್ ಚಳಿ ದೇಶಕ್ಕೆ ಮಾತ್ರ ಬೇಕಾದ ಭಾಗವಲ್ಲ. ಎಂಜಿನ್ ಬೇಗ ಬಿಸಿಯಾಗಿ 90 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುವಂತೆ ನೋಡಿಕೊಳ್ಳುವುದು ಅದರ ಕೆಲಸ. ತುಮಕೂರಿನ ಮಧ್ಯಾಹ್ನ 38 ಡಿಗ್ರಿ ಇದ್ದರೂ ಎಂಜಿನ್‌ಗೆ ಅದು ತಣ್ಣಗಿನ ಗಾಳಿಯೇ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ 65-70 ಡಿಗ್ರಿಯಲ್ಲೇ ಓಡುತ್ತಿದ್ದರೆ, ಕಂಪ್ಯೂಟರ್ ಅದನ್ನು ಇನ್ನೂ ಬಿಸಿಯಾಗದ ಎಂಜಿನ್ ಎಂದು ತಿಳಿದು ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ನಿಮ್ಮ 3 ಕಿ.ಮೀ. ಹೋಗಿರುವುದು ಅಲ್ಲೇ. ಸ್ಕ್ಯಾನ್ ಮಾಡಿದರೆ ಬಹುಶಃ ಪಿ0128 ಎಂಬ ಕೋಡ್ ಸಿಗುತ್ತದೆ. ಕೂಲೆಂಟ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಎಂಬುದು ಅದರ ಅರ್ಥ. ಆಯಿಲ್‌ನಲ್ಲಿ ಸೇರಿದ ತೇವ ಆವಿಯಾಗಿ ಹೋಗದೆ ಜಿಡ್ಡು ಕಟ್ಟುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ.

ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟಿಗೆ ಹಿಂದೊಂದು ತಟ್ಟೆ ಇರುತ್ತದೆ. ಮುಖ್ಯ ದಾರಿ ತೆರೆದಾಗ ಅದು ಬೈಪಾಸ್ ದಾರಿ ಮುಚ್ಚುತ್ತದೆ. ಅಂಥ ಎಂಜಿನ್‌ನಲ್ಲಿ ಥರ್ಮೋಸ್ಟಾಟ್ ತೆಗೆದರೆ ಬೈಪಾಸ್ ಸದಾ ತೆರೆದೇ ಇದ್ದು, ಬಿಸಿ ನೀರು ರೇಡಿಯೇಟರಿಗೆ ಹೋಗದೆ ಅಲ್ಲೇ ಸುತ್ತುತ್ತದೆ. ಘಾಟಿ ಹತ್ತುವಾಗ ಮೊದಲಿಗಿಂತ ಹೆಚ್ಚು ಹೀಟ್ ಆಗುತ್ತದೆ. ಫ್ಯಾನ್ ಡೈರೆಕ್ಟ್ ಮಾಡುವುದೂ ಅಷ್ಟೇ ಕೆಟ್ಟದ್ದು. ಕೆಟ್ಟಿದ್ದ ಸೆನ್ಸರ್ ಅಥವಾ ರಿಲೇ ಕೆಟ್ಟೇ ಉಳಿಯುತ್ತದೆ, ಮೋಟರ್ ಬಿಡುವಿಲ್ಲದೆ ತಿರುಗಿ ಒಂದು ದಿನ ಸದ್ದಿಲ್ಲದೆ ನಿಲ್ಲುತ್ತದೆ.

ಹೊಸ ಥರ್ಮೋಸ್ಟಾಟ್ ತಂದಾಗ ಕೂರಿಸುವ ಮುನ್ನ ಪರೀಕ್ಷಿಸಿ. ಅದರ ಮೇಲೆ 82 ಅಥವಾ 88 ಎಂದು ಕೆತ್ತಿರುತ್ತದೆ, ತೆರೆಯಲು ಶುರುವಾಗುವ ಡಿಗ್ರಿ ಅದು. ಪಾತ್ರೆಯಲ್ಲಿ ನೀರಿಟ್ಟು, ವಾಲ್ವ್‌ನ ಬಾಯಿಗೆ ದಾರ ಸಿಕ್ಕಿಸಿ ನೀರಿನೊಳಗೆ ಇಳಿಬಿಡಿ, ತಳಕ್ಕೆ ತಾಗದಿರಲಿ. ಥರ್ಮಾಮೀಟರ್ ಜೊತೆಗಿರಲಿ. ನೀರು ಕಾಯುತ್ತಾ ಬಂದು ಆ ಅಂಕಿ ಮುಟ್ಟಿದಾಗ ವಾಲ್ವ್ ಬಾಯಿ ಬಿಡುತ್ತದೆ, ಥರ್ಮೋಸ್ಟಾಟ್ ದಾರದಿಂದ ಜಾರಿ ಕೆಳಗೆ ಬೀಳುತ್ತದೆ. ನೀರು ಕುದಿ ಬರುವ ಹೊತ್ತಿಗೆ ಸುಮಾರು 8 ಮಿ.ಮೀ. ತೆರೆದಿರಬೇಕು. ಕೂರಿಸುವಾಗ ಅಂಚಿನಲ್ಲಿ ಅಲ್ಲಾಡುವ ಸಣ್ಣ ಪಿನ್ ಇದ್ದರೆ ಅದು ಮೇಲ್ಗಡೆ ಬರಲಿ, ಗಾಳಿ ಹೊರಹೋಗಲು ಇಟ್ಟ ದಾರಿ ಅದು.

ಪ್ರಶ್ನೆ: ಕೂಲೆಂಟ್ ಬಾಟಲಿಯಲ್ಲಿ ಮಟ್ಟ ಯಾವಾಗಲೂ ‘ಫುಲ್’ ಇರುತ್ತದೆ. ಆದರೂ ಮೊನ್ನೆ ರೇಡಿಯೇಟರ್ ಕ್ಯಾಪ್ ತೆಗೆದಾಗ ಒಳಗೆ ಬೆರಳಿಗೆ ನೀರು ಸಿಗಲಿಲ್ಲ.
ಓದುಗರು, ಮಂಡ್ಯ

ಉತ್ತರ: ಕ್ಯಾಪ್ ಕೆಟ್ಟಿದೆ, ಇಲ್ಲವೇ ಕ್ಯಾಪಿನಿಂದ ಬಾಟಲಿಗೆ ಹೋಗುವ ಸಣ್ಣ ಪೈಪ್ ಬಿರಿದಿದೆ. ಕ್ಯಾಪ್ ಬರೀ ಮುಚ್ಚಳವಲ್ಲ, ಎರಡು ವಾಲ್ವ್ ಇರುವ ಸಾಧನ. ಬಿಸಿಯಾದಾಗ 0.9 ಬಾರ್ ಒತ್ತಡದವರೆಗೂ ಹಿಡಿದಿಟ್ಟು, ಅದಕ್ಕೂ ಹೆಚ್ಚಾದದ್ದನ್ನು ಬಾಟಲಿಗೆ ಬಿಡುತ್ತದೆ. ತಣಿದಾಗ ಒಳಗೆ ನಿರ್ವಾತ ಉಂಟಾಗಿ, ನಡುವಿನ ಚಿಕ್ಕ ವಾಲ್ವ್ ತೆರೆದು ಬಾಟಲಿಯಿಂದ ವಾಪಸ್ ಎಳೆದುಕೊಳ್ಳುತ್ತದೆ. ಆ ಚಿಕ್ಕ ವಾಲ್ವ್ ಅಂಟಿಕೊಂಡರೆ ಹೋದದ್ದು ಮರಳುವುದಿಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮೇಲಿನ ಹೋಸ್ ಅಪ್ಪಚ್ಚಿಯಾಗಿರುವುದೇ ಅದರ ಗುರುತು. ಪೈಪ್ ಬಿರಿದಿದ್ದರೆ ನೀರಿನ ಬದಲು ಗಾಳಿ ಎಳೆಯುತ್ತದೆ.

ಆ ಒತ್ತಡ ಏಕೆ ಬೇಕು ಎಂದರೆ, ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ, 0.9 ಬಾರ್ ಒತ್ತಡದಲ್ಲಿ ಸುಮಾರು 118ಕ್ಕೆ ಕುದಿಯುತ್ತದೆ. ಅರ್ಧಕ್ಕರ್ಧ ಕೂಲೆಂಟ್ ಆದರೆ 125 ದಾಟುತ್ತದೆ. ರಬ್ಬರ್ ಸೀಲ್ ಬಿರುಕು ಬಿಟ್ಟ ಕ್ಯಾಪ್ ಈ ಅಂತರವನ್ನೆಲ್ಲ ನುಂಗಿಬಿಡುತ್ತದೆ. ಹೊಸದನ್ನು ಕೊಳ್ಳುವಾಗ ಹಳೆಯದರ ಮೇಲಿನ ಅಂಕಿ ನೋಡಿ ಅದೇ ಒತ್ತಡದ್ದನ್ನು ಕೊಳ್ಳಿ. ಹೆಚ್ಚಿನದು ಹಾಕಿದರೆ ಹೋಸ್ ಒಡೆಯುತ್ತದೆ. ರೇಡಿಯೇಟರ್ ಮೇಲೆ ಕ್ಯಾಪೇ ಇಲ್ಲದ, ಬಾಟಲಿಯ ಮೇಲೆಯೇ ತಿರುಪಿನ ಕ್ಯಾಪ್ ಇರುವ ಗಾಡಿಗಳಲ್ಲಿ ಬಾಟಲಿಯೇ ಒತ್ತಡದಲ್ಲಿರುತ್ತದೆ. ಅದನ್ನೂ ಬಿಸಿಯಲ್ಲಿ ತೆರೆಯಕೂಡದು.

ಪ್ರಶ್ನೆ: ಉಪ್ಪಿನಂಗಡಿಯಿಂದ ಹೊರಟು ಶಿರಾಡಿ ಘಾಟಿ ಹತ್ತುವಾಗ ಮಾತ್ರ ಮುಳ್ಳು ಏರುತ್ತದೆ. ಇಳಿಯುವಾಗ, ಬಯಲಿನಲ್ಲಿ ಏನೂ ಇಲ್ಲ. ಪೂರ್ತಿ ಲೋಡ್, ಎ.ಸಿ. ಹಾಕಿರುತ್ತೇವೆ.
ಓದುಗರು, ಪುತ್ತೂರು

ಉತ್ತರ: ಇಡೀ ಕೂಲಿಂಗ್ ವ್ಯವಸ್ಥೆಗೆ ಘಾಟಿಯೇ ಕಡೆಯ ಪರೀಕ್ಷೆ. ಲಾರಿ ಹಿಂದೆ ನಿಧಾನ ಹೋಗುವುದರಿಂದ ಎದುರುಗಾಳಿ ಇಲ್ಲ, ಎಂಜಿನ್ ಮಾತ್ರ ಪೂರ್ತಿ ಶಕ್ತಿ ಹಾಕುತ್ತಿರುತ್ತದೆ. ಸ್ವಲ್ಪ ಕಿಟ್ಟ, ಸ್ವಲ್ಪ ಸಡಿಲ ಬೆಲ್ಟ್, ಸ್ವಲ್ಪ ದುರ್ಬಲ ಫ್ಯಾನ್ ಎಂಬ ಸಣ್ಣಪುಟ್ಟ ಕೊರತೆಗಳು ಬಯಲಿನಲ್ಲಿ ಅಡಗಿದ್ದು ಇಲ್ಲಿ ಒಟ್ಟಾಗಿ ಹೊರಬೀಳುತ್ತವೆ. ಹಿಂದಿನ ಉತ್ತರಗಳಲ್ಲಿ ಹೇಳಿದ ಫ್ಯಾನ್, ಸಂದಿಯ ಕಸ, ಕ್ಯಾಪ್ ಮೂರನ್ನೂ ನೋಡಿಸಿ. ನಿಮ್ಮದು ಬೆಲ್ಟಿನಿಂದ ತಿರುಗುವ ವಿಸ್ಕಸ್ ಫ್ಯಾನ್ ಇರುವ ಡೀಸೆಲ್ ಗಾಡಿಯಾದರೆ, ಎಂಜಿನ್ ಬಿಸಿಯಿದ್ದಾಗ ಆರಿಸಿ, ಫ್ಯಾನನ್ನು ಕೈಯಿಂದ ತಳ್ಳಿ. ಬಿಗಿಯಾಗಿ ತಡೆಯಬೇಕು. ಗಿರಗಿಟ್ಟಲೆಯಂತೆ ಎರಡು ಮೂರು ಸುತ್ತು ತಿರುಗಿದರೆ ಒಳಗಿನ ಸಿಲಿಕೋನ್ ಎಣ್ಣೆ ಸೋರಿಹೋಗಿದೆ.

ಓಡಿಸುವ ರೀತಿಯೂ ಮುಖ್ಯ. ವಾಟರ್ ಪಂಪ್ ಎಂಜಿನ್ ಜೊತೆಗೇ ತಿರುಗುತ್ತದೆ. ಮೂರನೇ ಗೇರಿನಲ್ಲಿ 1300 ಆರ್‌ಪಿಎಂಗೆ ಎಳೆಯುತ್ತಾ ಹತ್ತಿದರೆ ಎಂಜಿನ್‌ಗೆ ಭಾರ ಜಾಸ್ತಿ, ಪಂಪಿನ ಹರಿವು ಕಡಿಮೆ. ಎರಡನೇ ಗೇರಿಗೆ ಇಳಿಸಿ 2500 ಆಸುಪಾಸು ಇಟ್ಟುಕೊಳ್ಳಿ. ಮುಳ್ಳು ಏರತೊಡಗಿದರೆ ಎ.ಸಿ. ಆರಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿಡಿ, ಕಿಟಕಿ ಇಳಿಸಿ. ಹೀಟರ್ ಕೋರ್ ಎಂದರೆ ಇನ್ನೊಂದು ಪುಟ್ಟ ರೇಡಿಯೇಟರ್. ಸೆಖೆ ತಡೆಯಲಾಗದು, ಆದರೆ ಎಂಜಿನ್ ಉಳಿಯುತ್ತದೆ. ಆದರೂ ಇಳಿಯದಿದ್ದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ. ಉಗಿ ಇಲ್ಲ, ಸೋರಿಕೆ ಇಲ್ಲ, ಕೆಂಪು ದೀಪ ಬಂದಿಲ್ಲ ಎಂದಾದರೆ ಎರಡು ಮೂರು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ, ಪಂಪ್, ಫ್ಯಾನ್ ತಿರುಗುತ್ತಾ ಶಾಖ ಹೊರಗೆ ಹೋಗುತ್ತದೆ. ಉಗಿ ಕಂಡರೆ ಅಥವಾ ಕೆಂಪು ದೀಪ ಬಂದರೆ ತಕ್ಷಣ ಆರಿಸಿ. ಕನಿಷ್ಠ 45 ನಿಮಿಷ ಕ್ಯಾಪ್ ಮುಟ್ಟಬೇಡಿ. ತೆರೆದ ಕ್ಷಣ ಒತ್ತಡ ಇಳಿದು ಒಳಗಿನ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್‌ಗೆ ತಣ್ಣೀರು ಸುರಿಯುವುದೂ ಬೇಡ, ಹೆಡ್ ಬಿರುಕು ಬಿಡುತ್ತದೆ.

ಪ್ರಶ್ನೆ: ಕೂಲೆಂಟ್ ವಾರಕ್ಕೆ ಕಾಲು ಲೀಟರ್ ಕಡಿಮೆಯಾಗುತ್ತದೆ. ಕೆಳಗೆ ಒಂದು ಹನಿಯೂ ಬಿದ್ದಿಲ್ಲ. ಆಯಿಲ್ ಕ್ಯಾಪ್ ಒಳಗೆ ಬೆಣ್ಣೆಯಂಥ ಬಿಳಿ ಪದಾರ್ಥ ಇದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗಿದೆ, ಎಂಜಿನ್ ಬಿಚ್ಚಬೇಕು ಎಂದಿದ್ದಾರೆ.
ಓದುಗರು, ಶಿವಮೊಗ್ಗ

ಉತ್ತರ: ಬಿಚ್ಚುವ ಮುನ್ನ ಖಚಿತಪಡಿಸಿಕೊಳ್ಳಿ. ಆಯಿಲ್ ಕ್ಯಾಪಿನ ಬಿಳಿ ಜಿಡ್ಡೊಂದೇ ಸಾಕ್ಷಿ ಅಲ್ಲ. ಮಲೆನಾಡಿನ ಮಳೆಗಾಲದಲ್ಲಿ ದಿನಕ್ಕೆ ಎರಡು ಮೂರು ಕಿ.ಮೀ. ಮಾತ್ರ ಓಡುವ ಗಾಡಿಗಳಲ್ಲಿ ತೇವ ಸೇರಿ ಹಾಗೆ ಕಟ್ಟುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದು ನೋಡಿ. ಅದರ ಮೇಲಿನ ಆಯಿಲೇ ಹಾಲು ಬೆರೆತ ಕಾಫಿಯಂತಿದ್ದರೆ, ಮಟ್ಟವೂ ಏರಿದ್ದರೆ ಆಗ ಚಿಂತೆಯ ವಿಷಯ.

ಮೊದಲು ಸೋರಿಕೆ ಹುಡುಕಿ. ಬಿಸಿ ಎಂಜಿನ್ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ, ಬಣ್ಣದ ಪುಡಿಯ ಕಲೆ ಮಾತ್ರ ಉಳಿಯುತ್ತದೆ. ಹೋಸ್ ಕ್ಲಿಪ್‌ಗಳ ಬಳಿ, ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಕೂಡುವ ಅಂಚಿನಲ್ಲಿ, ವಾಟರ್ ಪಂಪ್ ಕೆಳಗಿನ ಸಣ್ಣ ತೂತಿನ ಸುತ್ತ ಆ ಕಲೆ ಹುಡುಕಿ. ಪಂಪಿನ ಒಳಸೀಲ್ ಹೋದಾಗ ತಿಳಿಯಲಿ ಎಂದೇ ಆ ತೂತು ಇಟ್ಟಿರುತ್ತಾರೆ. ಮುಂದಿನ ಪ್ರಯಾಣಿಕರ ಕಾಲಡಿಯ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡಿ. ಅಂಟಂಟಾಗಿ ಒದ್ದೆಯಿದ್ದು, ಗಾಡಿಯೊಳಗೆ ಸಿಹಿ ವಾಸನೆ ಬಂದು, ಮುಂದಿನ ಗಾಜಿನ ಮೇಲೆ ಒರೆಸಿದರೂ ಹೋಗದ ಮಬ್ಬು ಕೂರುತ್ತಿದ್ದರೆ ಹೀಟರ್ ಕೋರ್ ಸೋರುತ್ತಿದೆ. ಹೆಡ್‌ಗೂ ಅದಕ್ಕೂ ಸಂಬಂಧವಿಲ್ಲ.

ಕಣ್ಣಿಗೆ ಸಿಗದಿದ್ದರೆ ಪ್ರೆಷರ್ ಟೆಸ್ಟ್ ಮಾಡಿಸಿ. ತಣ್ಣಗಿನ ಎಂಜಿನ್‌ಗೆ ಕ್ಯಾಪ್ ಜಾಗದಲ್ಲಿ ಕೈಪಂಪ್ ಕೂರಿಸಿ, ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಹಾಕಿ 15 ನಿಮಿಷ ಬಿಡುತ್ತಾರೆ. ಪಂಪಿನ ಮೇಲಿನ ಮುಳ್ಳು ಕದಲಬಾರದು. ಕದಲಿದರೆ ಎಲ್ಲೋ ಸೋರಿಕೆ ಇದೆ. ಹೊರಗೆ ಎಲ್ಲೂ ಕಾಣದಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಒಳಗೆ ಚಿಕ್ಕ ಕ್ಯಾಮೆರಾ ಇಳಿಸಿ. ಎಲ್ಲ ಪಿಸ್ಟನ್ ತಲೆಗಳ ಮೇಲೆ ಕಪ್ಪು ಇಂಗಾಲವಿದ್ದು ಒಂದು ಮಾತ್ರ ಉಗಿಯಲ್ಲಿ ತೊಳೆದಂತೆ ಬೆಳ್ಳಗಿದ್ದರೆ ನೀರು ಹೋಗುತ್ತಿರುವುದು ಆ ಸಿಲಿಂಡರಿಗೆ.

ಗ್ಯಾಸ್ಕೆಟ್ ಸುಟ್ಟು ಸಿಲಿಂಡರಿನ ಗ್ಯಾಸ್ ನೀರಿಗೆ ಸೇರುತ್ತಿದ್ದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲೇ ಗೊತ್ತಾಗುತ್ತದೆ. ನೀರು ಇನ್ನೂ ತಣ್ಣಗಿರುವಾಗಲೇ, ಒಂದೆರಡು ನಿಮಿಷದೊಳಗೆ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕ್ಯಾಪ್ ತೆರೆದಿಟ್ಟು ಸ್ಟಾರ್ಟ್ ಮಾಡಿದರೆ ಗುಳ್ಳೆ ನಿಲ್ಲದೆ ಬರುತ್ತದೆ. ಇದನ್ನು ಖಾತ್ರಿ ಮಾಡಲು ನೀಲಿ ದ್ರಾವಣದ ಬ್ಲಾಕ್ ಟೆಸ್ಟರ್ ಸಿಗುತ್ತದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರ ಮೂಲಕ ಎಳೆದಾಗ ಪೆಟ್ರೋಲ್ ಎಂಜಿನ್‌ನಲ್ಲಿ ನೀಲಿ ಹಳದಿಗೆ ತಿರುಗಿದರೆ ಗ್ಯಾಸ್ಕೆಟ್ ಅಥವಾ ಹೆಡ್ ಹೋಗಿದೆ, ಅನುಮಾನವಿಲ್ಲ. ಡೀಸೆಲ್ ಗಾಡಿಯಾದರೆ ಇಜಿಆರ್ ಕೂಲರ್ (ಎಂಜಿನ್‌ಗೆ ಮರಳಿಸುವ ಹೊಗೆಯನ್ನು ಕೂಲೆಂಟಿನಿಂದ ತಣಿಸುವ ಭಾಗ) ಒಳಗೇ ಸೋರಿ ಸೈಲೆನ್ಸರ್ ಕಡೆ ಬಿಳಿ ಹೊಗೆಯಾಗಿ ಹೋಗುತ್ತಿರಬಹುದು. ಹೆಡ್ ಬಿಚ್ಚುವ ಮೊದಲು ಅದನ್ನು ಪ್ರತ್ಯೇಕವಾಗಿ ಟೆಸ್ಟ್ ಮಾಡಿಸಲೇಬೇಕು.

ಬಿಚ್ಚಲೇಬೇಕಾದರೆ ಅರ್ಧ ಕೆಲಸ ಮಾಡಿಸಬೇಡಿ. ಗ್ಯಾಸ್ಕೆಟ್ ಮಾತ್ರ ಬದಲಿಸಿ ಮುಚ್ಚಿದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಗತಿ. ಹೆಡ್ ಮೇಲೆ ನೇರ ಪಟ್ಟಿ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ಹೆಡ್ ಬಾಗಿದೆಯೇ ನೋಡಬೇಕು. ಅನೇಕ ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ 0.05 ಮಿ.ಮೀ. ಆಸುಪಾಸೇ ಮಿತಿ. ಮೀರಿದ್ದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ (ಉಜ್ಜಿ ಸಮ ಮಾಡುವುದು), ಜೊತೆಗೆ ಬಿರುಕಿಗಾಗಿ ಹೆಡ್‌ನ ಪ್ರೆಷರ್ ಟೆಸ್ಟ್. ಫೇಸಿಂಗಿಗೂ ಮಿತಿ ಇದೆ, ಹೆಚ್ಚು ಉಜ್ಜಿದರೆ ಕಂಪ್ರೆಷನ್ ಏರಿ ಎಂಜಿನ್ ನಾಕ್ ಮಾಡುತ್ತದೆ. ಬಿಗಿಯುವಾಗ ಹಿಗ್ಗುವ ಬಗೆಯ ಹೆಡ್ ಬೋಲ್ಟ್‌ಗಳಾದರೆ ಹೊಸವೇ ಬೇಕು. ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಬಿಗಿ ಅಳೆಯುವ ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು. ಆಯಿಲಿಗೆ ನೀರು ಸೇರಿದ್ದರೆ ಆಯಿಲ್, ಫಿಲ್ಟರ್ ಹೊಸದು ಹಾಕಿ 500 ಕಿ.ಮೀ.ಗೆ ಮತ್ತೊಮ್ಮೆ ಬದಲಿಸಿ.

ಎಲ್ಲ ಮುಗಿದ ಮೇಲೆ ಗಾಳಿ ತೆಗೆಯುವುದನ್ನು ಮರೆಯಬಾರದು. ಗಾಡಿಯ ಮುಂಭಾಗ ತುಸು ಏರಿನಲ್ಲಿರಲಿ, ಹೀಟರ್ ಬಿಸಿಯಲ್ಲಿರಲಿ, ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ತೆರೆದಿರಲಿ. ನಿಧಾನ ತುಂಬಿಸಿ, ಮೇಲಿನ ಹೋಸ್ ಹಿಚುಕುತ್ತಾ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೂ ಐಡ್ಲಿಂಗ್‌ನಲ್ಲಿ ಓಡಿಸಿ. ಹೀಟರ್‌ನಿಂದ ಸಮನಾಗಿ ಬಿಸಿಗಾಳಿ ಬಂದರೆ ಗಾಳಿ ಹೋಗಿದೆ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ಮತ್ತೆ ನೋಡಿ.

ಪ್ರಶ್ನೆ: ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕಿದರೆ ನಿಲ್ಲುತ್ತದೆಯೇ?
ಓದುಗರು, ಚಾಮರಾಜನಗರ

ಉತ್ತರ: ಸೂಜಿಮೊನೆಯಷ್ಟು ತೂತಾದರೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಪುಡಿ ನೀರಿನಲ್ಲಿ ಉಬ್ಬಿ ತೂತಿಗೆ ಮೆತ್ತಿಕೊಳ್ಳುತ್ತದೆ. ಆದರೆ ತೂತು ಯಾವುದು, ಕೊಳವೆ ಯಾವುದು ಎಂಬ ವಿವೇಕ ಅದಕ್ಕಿಲ್ಲ. ಹೀಟರ್ ಕೋರ್‌ನಲ್ಲೂ ಮೆತ್ತುತ್ತದೆ. ಕಾಡಿನ ನಡುವೆ ಸಿಕ್ಕಿಕೊಂಡಾಗ ಒಂದೆರಡು ಚಮಚ ಹಾಕಿ ಊರು ಸೇರಿದರೆ ತಪ್ಪಿಲ್ಲ. ಊರು ಸೇರಿದ ದಿನವೇ ತೊಳೆಸಿ ರಿಪೇರಿ ಮಾಡಿಸಿ.

ಪ್ರಶ್ನೆ: ಮುಳ್ಳು ಮೊದಲು ಏರಿತು. ಆಮೇಲೆ ತಾನೇ ಪೂರ್ತಿ ಕೆಳಗಿಳಿಯಿತು. ಸರಿಹೋಯಿತೆಂದು ಹತ್ತು ಕಿ.ಮೀ. ಓಡಿಸಿದೆವು. ಎಂಜಿನ್ ಸೀಜ್ ಆಯಿತು. ಮುಳ್ಳು ಸುಳ್ಳು ಹೇಳಿತೇ?
ಓದುಗರು, ಹುಬ್ಬಳ್ಳಿ

ಉತ್ತರ: ಸೆನ್ಸರ್ ಅಳೆಯುವುದು ತನ್ನ ಮೈಗೆ ತಾಗುವ ನೀರಿನ ಬಿಸಿಯನ್ನು. ನೀರೆಲ್ಲ ಹೊರಚೆಲ್ಲಿ ಅದರ ಸುತ್ತ ಬರೀ ಗಾಳಿ, ಉಗಿ ಉಳಿದಾಗ ಅದು ಕಡಿಮೆ ಡಿಗ್ರಿ ತೋರಿಸುತ್ತದೆ. ಎಂಜಿನ್ ಸುಡುತ್ತಿದ್ದರೂ ಮುಳ್ಳು ತಣ್ಣಗಿದೆ ಎನ್ನುತ್ತದೆ. ಏರಿದ ಮುಳ್ಳು ಕಾರಣವಿಲ್ಲದೆ ಥಟ್ಟನೆ ಬಿದ್ದರೆ ಅದು ಏರಿದ್ದಕ್ಕಿಂತ ದೊಡ್ಡ ಅಪಾಯ, ತಕ್ಷಣ ಆರಿಸಬೇಕು. ಇಂಥದ್ದೇ ಇನ್ನೊಂದು ಸೂಚನೆ, ಹೀಟರ್ ಹಾಕಿದರೂ ತಣ್ಣನೆಯ ಗಾಳಿ ಬರುವುದು. ಹೀಟರ್‌ಗೆ ನೀರೇ ತಲುಪುತ್ತಿಲ್ಲ ಎಂದರ್ಥ. ನಿಮ್ಮ ಎಂಜಿನ್ ಹೋದದ್ದಕ್ಕೆ ನಿಜವಾಗಿ ಬೇಸರವಾಯಿತು. ಮುಳ್ಳೇ ಇಲ್ಲದೆ ನೀಲಿ, ಕೆಂಪು ದೀಪ ಮಾತ್ರ ಇರುವ ಸಣ್ಣ ಕಾರಿನವರೂ ಇದನ್ನು ಗಮನಿಸಿ. ನೀರು ಖಾಲಿಯಾದಾಗ ಕೆಂಪು ದೀಪ ಬಾರದೆಯೂ ಇರಬಹುದು.

ಪ್ರಶ್ನೆ: ಹಳೆಯ ಕೂಲೆಂಟ್ ಮನೆಯಲ್ಲೇ ಇಳಿಸಿದ್ದೇವೆ. ಗಿಡಗಳಿಗೆ, ಚರಂಡಿಗೆ ಸುರಿಯಬಹುದೇ?
ಓದುಗರು, ಉಡುಪಿ

ಉತ್ತರ: ಸುರಿಯಬೇಡಿ. ಇದರಲ್ಲಿರುವ ಎಥಿಲೀನ್ ಗ್ಲೈಕಾಲ್ ನಾಲಿಗೆಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. ನಾಯಿ, ಬೆಕ್ಕು ನೆಲದ ಮೇಲೆ ನಿಂತದ್ದನ್ನು ನೆಕ್ಕಿದರೂ ಸಾಯುತ್ತವೆ, ದನಕ್ಕೂ ಮಕ್ಕಳಿಗೂ ಅಪಾಯ. ಅಗಲ ಬಾಯಿಯ ಟಬ್‌ನಲ್ಲಿ ಇಳಿಸಿ ಹಾಗೇ ಬಿಟ್ಟು ಊಟಕ್ಕೆ ಹೋಗುವುದೂ ಬೇಡ. ಬಿಗಿ ಮುಚ್ಚಳದ ಕ್ಯಾನ್‌ಗೆ ತುಂಬಿ, ಮೇಲೆ ‘ವಿಷ’ ಎಂದು ದೊಡ್ಡದಾಗಿ ಬರೆದು, ಹಳೆಯ ಆಯಿಲ್ ತೆಗೆದುಕೊಳ್ಳುವ ಸರ್ವಿಸ್ ಸ್ಟೇಷನ್‌ಗೆ ಕೊಡಿ. ಆದರೆ ಎರಡನ್ನೂ ಒಂದೇ ಕ್ಯಾನಿನಲ್ಲಿ ಬೆರೆಸಬೇಡಿ. ಕುಡಿಯುವ ನೀರಿನ ಬಾಟಲಿಯಲ್ಲಂತೂ ಒಂದು ಗಂಟೆಯ ಮಟ್ಟಿಗೂ ತುಂಬಿಡಬೇಡಿ. ನೆಲಕ್ಕೆ ಚೆಲ್ಲಿದ್ದರೆ ಮರಳು ಅಥವಾ ಮರದ ಹೊಟ್ಟು ಹಾಕಿ ಹೀರಿಸಿ ಗುಡಿಸಿ ತೆಗೆದು, ಆಮೇಲೆ ಜಾಗವನ್ನು ಧಾರಾಳ ನೀರಿನಿಂದ ತೊಳೆಯಿರಿ.